ಎ ಮನೆಯಲ್ಲೊಂದು ಓ

ಇವತ್ತು ಮಗಳ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಓ ಪಾಸಿಟಿವ್.

ನನ್ನದು ಎ, ಇವರದೂ ಎ. "ಮಗು ಅದಲು ಬದಲಾಯ್ತಾ?" ಅಂತ ಇವರು ಸುಮ್ನೆ ರೇಗಿಸಿದರು. ಅವಳ ಮೂಗು ನೋಡಿದರೆ ಸಾಕು, ಯಾರ ಮಗಳು ಅಂತ ಗೊತ್ತಾಗುತ್ತದೆ!

ರಕ್ತದ ಗುಂಪಿನ ಜೀನ್ ನಮ್ಮಲ್ಲಿ ಜೋಡಿಯಾಗಿರುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎ ಜೊತೆ ಓ ಇದ್ದರೆ ರಿಪೋರ್ಟಿನಲ್ಲಿ ಕಾಣುವುದು ಎ ಮಾತ್ರ. ಓ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ನಮ್ಮಿಬ್ಬರಲ್ಲೂ ಹಾಗೆ ಒಂದೊಂದು ಓ ಅಡಗಿತ್ತು ನೋಡಿ. ಎರಡೂ ಇವಳ ಪಾಲಿಗೇ ಬಂದವು. ನಾಲ್ಕರಲ್ಲಿ ಒಂದು ಸಾಧ್ಯತೆ. 1866ರಲ್ಲಿ ಮೆಂಡೆಲ್ ಎಂಬ ವಿಜ್ಞಾನಿ ಬಟಾಣಿ ಗಿಡ ಎಣಿಸಿ ಬರೆದದ್ದೂ ಇದೇ ಲೆಕ್ಕ.

ಇಷ್ಟೆಲ್ಲ ಹೇಳಿದ ಮೇಲೆ ಮಗಳು ಕೇಳಿದಳು, "ಇನ್ನೂ ಏನೇನು ಬಚ್ಚಿಟ್ಟಿದ್ದೀರಿ?"