ಕೂಲಿಗೆ ನಗದು, ತನಗೆ ಕಾಗದ: ಸ್ಯಾಮ್ಯುಯೆಲ್ ಮಾರ್ಟನ್ ಪೀಟೊ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೈಲು ದಾರಿಗಾಗಿ ಮಣ್ಣು ಅಗೆಯುತ್ತಿದ್ದ ಕೂಲಿಗಳಿಗೆ ಎಷ್ಟೋ ಗುತ್ತಿಗೆದಾರರು ಹಣದ ಬದಲು ಚೀಟಿ ಕೊಡುತ್ತಿದ್ದರು. ಆ ಚೀಟಿ ನಡೆಯುತ್ತಿದ್ದುದು ಗುತ್ತಿಗೆದಾರನಿಗೇ ಬೇಕಾದ ಅಂಗಡಿಯಲ್ಲಿ. ಅಲ್ಲಿ ಸಾಮಾನು ಕಳಪೆ, ಬೆಲೆ ದುಬಾರಿ. ಈ ಪದ್ಧತಿಯನ್ನು ಒಪ್ಪದೆ ವಾರವಾರವೂ ನಗದಾಗಿಯೇ ಕೂಲಿ ಬಟವಾಡೆ ಮಾಡಿ ಹೆಸರಾದವನು ಸ್ಯಾಮ್ಯುಯೆಲ್ ಮಾರ್ಟನ್ ಪೀಟೊ. ಇಂಥವನು ತನಗೆ ಬರಬೇಕಾದ ಹಣವನ್ನು ಮಾತ್ರ ಕಾಗದದ ರೂಪದಲ್ಲಿ ಪಡೆಯಲು ಒಪ್ಪಿ ಮುಳುಗಿದ್ದೇ ನನಗೆ ಅವನ ಬದುಕಿನಲ್ಲಿ ಅತ್ಯಂತ ಕುತೂಹಲದ ಸಂಗತಿ.

1809ರಲ್ಲಿ ಹುಟ್ಟಿದ ಪೀಟೊ, ಕಟ್ಟಡದ ಗುತ್ತಿಗೆದಾರನಾಗಿದ್ದ ಚಿಕ್ಕಪ್ಪನ ಬಳಿ ಕೆಲಸ ಕಲಿತು, 1830ರಲ್ಲಿ ಆತ ತೀರಿಕೊಂಡಾಗ ಸೋದರಸಂಬಂಧಿ ಥಾಮಸ್ ಗ್ರಿಸೆಲ್ ಜೊತೆಗೂಡಿ ವ್ಯವಹಾರವನ್ನು ವಹಿಸಿಕೊಂಡ. ಲಂಡನ್ನಿನ ನೆಲ್ಸನ್ ಸ್ತಂಭ ಅವರು ಕಟ್ಟಿದ್ದೇ. 1846ರಲ್ಲಿ ಇಬ್ಬರೂ ಬೇರೆಯಾದ ಮೇಲೆ ಪೀಟೊ ರೈಲಿನ ಕಡೆಗೇ ತಿರುಗಿದ. ಮರುವರ್ಷ ನಾರ್ವಿಚ್‌ನಿಂದ ಸಂಸತ್ತಿಗೂ ಆಯ್ಕೆಯಾದ.

ಅವನ ಅತ್ಯುತ್ತಮ ಕೆಲಸ, ಬ್ರಿಟನ್ ರಷ್ಯಾದ ವಿರುದ್ಧ ಹೋರಾಡಿದ ಕ್ರೈಮಿಯಾ ಯುದ್ಧದಲ್ಲಿ ಹಾಕಿದ ರೈಲು ದಾರಿಯೆಂದೇ ನನ್ನ ಎಣಿಕೆ. 1854ರ ಚಳಿಗಾಲದಲ್ಲಿ ರಷ್ಯನ್ನರ ಸೆವಾಸ್ಟೊಪೋಲ್ ನಗರದ ಮುತ್ತಿಗೆಯಲ್ಲಿದ್ದ ಬ್ರಿಟಿಷ್ ಸೈನಿಕರು ಬಟ್ಟೆ, ಆಹಾರಗಳಿಲ್ಲದೆ ನರಳುತ್ತಿದ್ದರೆ, ಸಾಮಗ್ರಿಯೆಲ್ಲ ಕೆಲವೇ ಮೈಲಿ ಕೆಳಗೆ ಬಾಲಕ್ಲಾವ ಬಂದರಿನಲ್ಲಿ ಬಿದ್ದಿತ್ತು, ಏಕೆಂದರೆ ನಡುವಿನ ಏರುದಾರಿಯ ಕೆಸರಿನಲ್ಲಿ ಗಾಡಿಗಳು ಸಾಗುತ್ತಿರಲಿಲ್ಲ. ಪೀಟೊ ಮತ್ತು ಪಾಲುದಾರರಾದ ಬ್ರಾಸಿ, ಬೆಟ್ಸ್ ಲಾಭ ಬೇಡ, ಖರ್ಚು ಕೊಟ್ಟರೆ ಸಾಕೆಂದು ಒಪ್ಪಿ ಹಳಿ, ಹಲಗೆ, ಕೂಲಿಗಳನ್ನು ಹಡಗಿನಲ್ಲಿ ಕಳುಹಿಸಿದರು. 1855ರ ಫೆಬ್ರುವರಿಯಲ್ಲಿ ಶುರುವಾದ ಕೆಲಸ ಸುಮಾರು 7 ವಾರಗಳಲ್ಲಿ 7 ಮೈಲಿ ಸಾಗಿತು. ಸರ್ಕಾರದ ಗುತ್ತಿಗೆ ಹಿಡಿದವನು ಸಂಸತ್ ಸದಸ್ಯನಾಗಿರುವಂತಿರಲಿಲ್ಲವಾದ್ದರಿಂದ ಪೀಟೊ ಸ್ಥಾನ ಬಿಟ್ಟುಕೊಟ್ಟ. ಬದಲಿಗೆ ಬ್ಯಾರೊನೆಟ್ ಎಂಬ ವಂಶಪಾರಂಪರ್ಯ ಗೌರವ ಪದವಿ ಬಂತು.

ಸಂಸತ್ತಿಗೆ ಅವನು 1859ರಲ್ಲಿ ಮರಳಿದನಾದರೂ ಆ ಹೊತ್ತಿಗೆ ಗುತ್ತಿಗೆಯ ರೀತಿಯೇ ಬದಲಾಗಿತ್ತು. ಅವನು ದಾರಿ ಕಟ್ಟಿಕೊಡುತ್ತಿದ್ದ ‘ಲಂಡನ್, ಚಾಥಮ್ ಅಂಡ್ ಡೋವರ್ ರೈಲ್ವೆ’ ಎಂಬ ಕಂಪನಿಯ ಕೈಯಲ್ಲಿ ಸಾಕಷ್ಟು ನಗದು ಇರಲಿಲ್ಲ. ಕಂಪನಿ ಷೇರು, ಸಾಲಪತ್ರಗಳನ್ನು ಕೊಡುತ್ತಿತ್ತು, ಪೀಟೊ ಮತ್ತು ಬೆಟ್ಸ್ ಅವುಗಳನ್ನೇ ಒತ್ತೆಯಿಟ್ಟು ಸಾಲ ತಂದು ಕೆಲಸ ನಡೆಸುತ್ತಿದ್ದರು. ಪೇಟೆಯಲ್ಲಿ ನಂಬಿಕೆ ಇರುವಷ್ಟು ದಿನ ಇದು ನಡೆಯಿತು. 1866ರ ಮೇ 10ರಂದು ಓವರೆಂಡ್ ಗರ್ನಿ ಎಂಬ ದೊಡ್ಡ ಲೇವಾದೇವಿ ಸಂಸ್ಥೆ ಬಾಗಿಲು ಹಾಕಿದ್ದೇ ತಡ, ಸಾಲ ಹುಟ್ಟುವುದು ನಿಂತಿತು, ಇವರೂ ದಿವಾಳಿಯಾದರು.

ಬ್ರಿಸ್ಟಲ್‌ನ ಪ್ರತಿನಿಧಿಯಾಗಿದ್ದ ಪೀಟೊ 1868ರಲ್ಲಿ ರಾಜೀನಾಮೆ ಕೊಟ್ಟಾಗ, ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ಎದುರಾಳಿ ಪಕ್ಷಗಳ ನಾಯಕರಾದ ಗ್ಲ್ಯಾಡ್‌ಸ್ಟನ್ ಮತ್ತು ಡಿಸ್ರೇಲಿ ಇಬ್ಬರೂ ಸದನದಲ್ಲಿ ಅವನನ್ನು ಗೌರವದಿಂದ ನೆನೆದರು. ಪೀಟೊ ಮತ್ತೆ ರೈಲು ಗುತ್ತಿಗೆಗಳಿಗಾಗಿ ಓಡಾಡಿದರೂ ಹಳೆಯ ಸ್ಥಾನ ಸಿಗಲಿಲ್ಲ, 1889ರಲ್ಲಿ ತೀರಿಕೊಂಡ.