ಒಂದೇ ಹೆಸರಿನ ಎರಡು ಟಾರ್

14 ಮೇ 2024, ಮಂಗಳವಾರ

ಬೆಳಗ್ಗೆ ಶಿವಮೊಗ್ಗದಿಂದ ಮೆಸೇಜ್ ಬಂತು. ನನ್ನ ಪದಪಟ್ಟಿ ಟೂಲ್ ಬಳಸುವ ಹುಡುಗಿ, ಇಂಜಿನಿಯರಿಂಗ್ ಮೂರನೇ ವರ್ಷ. "ಅಕ್ಕಾ, ಡೇಟಾ ಇನ್‌ಸ್ಟಾಲ್ ಆಗ್ತಿಲ್ಲ. ನಾನೇ ಏನೋ ತಪ್ಪು ಮಾಡಿರ್ಬೇಕು. ನೆಟ್ ಸರಿಯಾಗೇ ಇದೆ." ಜೊತೆಗೆ ಒಂದು ಸ್ಕ್ರೀನ್‌ಶಾಟ್: "ಕ್ಯಾನಾಟ್ ಕನೆಕ್ಟ್ ಟು ಸಿ: ರಿಸಾಲ್ವ್ ಫೇಲ್ಡ್."

ಪಾಪ, ಕನೆಕ್ಟ್ ಅನ್ನೋ ಮಾತು ನೋಡಿ ವೈಫೈ ಎರಡು ಸಲ ಆಫ್ ಮಾಡಿ ಆನ್ ಮಾಡಿದ್ದಾಳೆ. ಆದರೆ ಅಲ್ಲಿರುವ ಸಿ ಅವಳದೇ ಸಿ ಡ್ರೈವ್. ಫೈಲ್ ಆಗಲೇ ಡೌನ್‌ಲೋಡ್ ಆಗಿ ಅಲ್ಲೇ ಕೂತಿದೆ. ಅದನ್ನು ಬಿಚ್ಚೋಕೆ ನನ್ನ ಟೂಲ್ ಕರೆಯುತ್ತಿದ್ದದ್ದು ಟಾರ್ ಅನ್ನೋ ಪ್ರೋಗ್ರಾಮನ್ನು, ಹಲವು ಫೈಲ್‌ಗಳನ್ನು ಒಂದೇ ಕಟ್ಟಾಗಿ (ಆರ್ಕೈವ್) ಕಟ್ಟೋದು, ಬಿಚ್ಚೋದು ಅದರ ಕೆಲಸ.

ನನ್ನ ವಿಂಡೋಸ್ ಮೆಷಿನ್ನಿನಲ್ಲಿ ಎರಡು ಕಿಟಕಿ ಅಕ್ಕಪಕ್ಕ ತೆರೆದೆ. ಒಂದು ಮಾಮೂಲಿ ಕಮಾಂಡ್ ಪ್ರಾಂಪ್ಟ್, ಇನ್ನೊಂದು ಗಿಟ್ ಬ್ಯಾಶ್, ಅಂದರೆ ಕೋಡಿನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್ ಜೊತೆ ಬರುವ, ಲಿನಕ್ಸ್ ಥರದ ಕಮಾಂಡ್ ಕಿಟಕಿ. ಎರಡರಲ್ಲೂ ಟಾರ್‌ನ ವರ್ಷನ್ ಕೇಳಿದೆ. ಎಡಗಡೆ "ಬಿಎಸ್‌ಡಿಟಾರ್" ಅಂತ ಬಂತು. ಬಲಗಡೆ "ಗ್ನೂ ಟಾರ್". ಹೆಸರು ಒಂದೇ, ಆಸಾಮಿಗಳು ಬೇರೆ. 2018ರ ವಿಂಡೋಸ್ 10, 1803 ಆವೃತ್ತಿಯಿಂದ ಸಿಸ್ಟಮ್32 ಫೋಲ್ಡರಿನಲ್ಲಿ ಬಿಎಸ್‌ಡಿಟಾರ್ ಇದೆ. ಗಿಟ್ ಹಾಕಿಕೊಂಡರೆ ಅದರ ಜೊತೆ ಗ್ನೂ ಟಾರ್ ಕೂಡ ಬರುತ್ತೆ. ಗಿಟ್ ಬ್ಯಾಶ್‌ನಿಂದ ಶುರು ಮಾಡಿದರೆ ಪಾತ್‌ನಲ್ಲಿ (ಪ್ರೋಗ್ರಾಮ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಮೊದಲು ಸಿಗೋದು ಅದೇ. ಅವಳು ಕೆಲಸ ಮಾಡೋದು ಅಲ್ಲೇ.

ಗ್ನೂ ಟಾರ್‌ಗೆ ಆರ್ಕೈವ್ ಹೆಸರಿನಲ್ಲಿ ಕೋಲನ್ (:) ಕಂಡರೆ, ಅದಕ್ಕಿಂತ ಮೊದಲು ಇರೋದು ಬೇರೆ ಕಂಪ್ಯೂಟರಿನ ಹೆಸರು ಅಂತ ಲೆಕ್ಕ. ಟಾರ್ ಅಂದರೆ ಟೇಪ್ ಆರ್ಕೈವ್ ಅಲ್ವಾ, ಟೇಪ್ ಡ್ರೈವ್ ಇನ್ನೊಂದು ಮೆಷಿನ್ನಿಗೆ ಸಿಕ್ಕಿಸಿದ್ದರೆ ಅಲ್ಲಿಗೇ ಹೋಗಿ ಓದಬೇಕು, ಅದಕ್ಕಾಗಿ ಇಟ್ಟ ಸೌಲಭ್ಯ ಇದು. ಹಾಗಾಗಿ ಅದು "ಸಿ" ಅನ್ನೋ ಕಂಪ್ಯೂಟರನ್ನು ನೆಟ್‌ವರ್ಕಿನಲ್ಲಿ ಹುಡುಕುತ್ತಾ ಇತ್ತು.

ಹುಡುಕಬೇಡ, ಇದು ಇಲ್ಲಿಯದೇ ಫೈಲ್ ಅಂತ ಹೇಳೋಕೆ "ಫೋರ್ಸ್-ಲೋಕಲ್" ಆಯ್ಕೆ ಇದೆ. ಸೇರಿಸಿದೆ, ಬಲಗಡೆ ಕಿಟಕಿ ಸರಿಹೋಯಿತು. ಎಡಗಡೆಯದು ತಕ್ಷಣ ಕೈಕೊಟ್ಟಿತು, ಬಿಎಸ್‌ಡಿಟಾರ್‌ಗೆ ಆ ಆಯ್ಕೆಯೇ ಗೊತ್ತಿಲ್ಲ. ಇದನ್ನು ಹಾಗೇ ರಿಲೀಸ್ ಮಾಡಿದ್ದರೆ ಅವಳೊಬ್ಬಳಿಗೆ ಸರಿಯಾಗಿ ಉಳಿದವರಿಗೆಲ್ಲ ಕೆಡುತ್ತಿತ್ತು. ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ.

ಆಮೇಲೆ, ಸಿ ಡ್ರೈವಿನಿಂದ ಶುರುವಾಗುವ ಪೂರ್ತಿ ವಿಳಾಸ ಕೊಡದೆ, ಮೊದಲು ಆ ಫೋಲ್ಡರಿಗೇ ಹೋಗಿ ಬರೀ ಫೈಲ್ ಹೆಸರು ಕೊಟ್ಟೆ. ಕೋಲನ್ನೇ ಇಲ್ಲ, ತಕರಾರೂ ಇಲ್ಲ. ಎರಡೂ ಕಡೆ ಬಿಚ್ಚಿಕೊಂಡಿತು. ಟಾರ್‌ಜಿಝೆಡ್ ಫೈಲ್‌ಗಳಷ್ಟೇ ಆಗಿದ್ದರೆ ಇಷ್ಟಕ್ಕೇ ಬಿಡುತ್ತಿದ್ದೆ. ಆದರೆ ಹಳೆಯ ಪದಪಟ್ಟಿಗಳೆಲ್ಲ ಜಿಪ್. ಬಿಎಸ್‌ಡಿಟಾರ್ ಜಿಪ್ಪನ್ನೂ ಬಿಚ್ಚುತ್ತೆ, ಗ್ನೂ ಟಾರ್‌ಗೆ ಅದು ಆಗಲ್ಲ.

ಕೊನೆಗೆ ಹೊರಗಿನ ಟಾರನ್ನು ಕರೆಯೋದನ್ನೇ ತೆಗೆದುಹಾಕಿದೆ. ನನ್ನ ಟೂಲ್ ಇರೋದೇ ಪೈಥಾನ್‌ನಲ್ಲಿ, ಅದರೊಳಗೇ ಟಾರ್‌ಫೈಲ್, ಜಿಪ್‌ಫೈಲ್ ಅನ್ನೋ ಎರಡು ಸಿದ್ಧ ಮಾಡ್ಯೂಲ್ ಇವೆ. ಲಿನಕ್ಸಿನ ಶೆಲ್ ಸ್ಕ್ರಿಪ್ಟಿನಿಂದ ಒಂದು ಸಾಲನ್ನು ಹಾಗೇ ಎತ್ತಿ ತಂದಿದ್ದು ನನ್ನ ತಪ್ಪು. ಪೈಥಾನ್ 3.12ರಲ್ಲಿ ಬಂದ "ಡೇಟಾ" ಫಿಲ್ಟರನ್ನೂ ಹಾಕಿದೆ, ಆರ್ಕೈವ್ ಒಳಗಿನ ಫೈಲ್ ಗೊತ್ತುಮಾಡಿದ ಫೋಲ್ಡರಿನಿಂದ ಆಚೆ ಹೋಗಿ ಕೂರದ ಹಾಗೆ ಅದು ತಡೆಯುತ್ತೆ. ಟೆಸ್ಟುಗಳನ್ನು ಇಷ್ಟು ದಿನ ಕಮಾಂಡ್ ಪ್ರಾಂಪ್ಟಿನಿಂದ ಮಾತ್ರ ಓಡಿಸುತ್ತಿದ್ದೆ. ಇನ್ನು ಗಿಟ್ ಬ್ಯಾಶ್‌ನಿಂದಲೂ ಓಡುತ್ತವೆ.

ಸಂಜೆ ಅವಳಿಗೆ ಬರೆದೆ: "ನಿನ್ನ ತಪ್ಪು ಏನೂ ಇಲ್ಲ ಕಣೇ, ತಪ್ಪು ನನ್ನ ಕೋಡಿನದು. ಹೊಸದನ್ನು ಹಾಕಿ ನೋಡು." ಉತ್ತರ ಇನ್ನೂ ಬಂದಿಲ್ಲ, ಪರೀಕ್ಷೆ ಇರಬೇಕು.

ಬಿಚ್ಚೋ ಕಡೆ ಆಯ್ತು, ಕಟ್ಟೋ ಕಡೆ ಬಾಕಿ. ಡೇಟಾ ಕಟ್ಟಿ ಕಳಿಸುವ ಗೆಳತಿಯದು ಮ್ಯಾಕ್. ಅಲ್ಲಿನ ಟಾರ್ ಒಂದೊಂದು ಸಲ ಚುಕ್ಕಿ, ಅಡಿಗೆರೆಯಿಂದ ಶುರುವಾಗುವ ಪುಟ್ಟ ಫೈಲ್‌ಗಳನ್ನೂ ಒಳಗೆ ಸೇರಿಸಿಬಿಡುತ್ತೆ. ಗುರುವಾರ ಇಬ್ಬರೂ ಕೂತು ಅದನ್ನು ನೋಡಬೇಕು.