ವಿ.ಆರ್. ಹೆಡ್‌ಸೆಟ್ ಹಾಕಿಕೊಂಡರೆ ಖಿನ್ನತೆ ಇರುವವರಿಗೆ ಆಫೀಸ್ ಕೆಲಸ ಸುಲಭವಾಗುತ್ತಾ?

ಬೆಂಗಳೂರಿನ ಕಂಪನಿಗಳ ನೌಕರರಿಗೆ ಆಪ್ತ ಸಮಾಲೋಚನೆ ಮಾಡುವುದು ನನ್ನ ಕೆಲಸ. ಎಚ್‌ಆರ್‌ನವರು, ಮಾತ್ರೆ ತೆಗೆದುಕೊಳ್ಳುತ್ತಿರುವ ನೌಕರರು, ಅವರ ಮನೆಯವರು, ಎಲ್ಲರೂ ಈಗ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಡಿಪ್ರೆಶನ್ ಇರೋರಿಗೆ ಆಫೀಸಲ್ಲಿ ಈ ವಿ.ಆರ್. ನಿಂದ ನಿಜವಾಗ್ಲೂ ಉಪಯೋಗ ಇದ್ಯಾ?"

ವಿ.ಆರ್. ಅಂದರೆ ವರ್ಚುವಲ್ ರಿಯಾಲಿಟಿ: ಕಣ್ಣಿಗೆ ಕಟ್ಟಿಕೊಂಡರೆ, ಕಂಪ್ಯೂಟರ್ ಸೃಷ್ಟಿಸಿದ ಜಾಗದೊಳಗೇ ನಾವಿದ್ದೇವೆ ಅನ್ನಿಸುವ ತಂತ್ರಜ್ಞಾನ. ಉಪಯೋಗ ಇರಬಹುದು, ಅದನ್ನು ಕಷ್ಟದ ಸನ್ನಿವೇಶಗಳ ಅಭ್ಯಾಸಕ್ಕೆ ಬಳಸಿದರೆ. ಕಂಪನಿಗಳು ಸಾಮಾನ್ಯವಾಗಿ ಕೊಳ್ಳಲು ಹೊರಡುವುದು ಸಮುದ್ರದ ದಡ, ಕಾಡು, ಜಲಪಾತ ತೋರಿಸುವ ಹೆಡ್‌ಸೆಟ್. ದಣಿದವರಿಗೆ ಅದು ಹಿತವಾಗಿರುತ್ತದೆ. ಖಿನ್ನತೆ ಇರುವವರ ಕಷ್ಟ ಬೇರೆ. ಬಂದ ಮೇಲ್ ತೆರೆಯಲು ಕೈಯೇ ಏಳುವುದಿಲ್ಲ. ಮೀಟಿಂಗ್‌ನಲ್ಲಿ ಗೊತ್ತಿರುವ ಉತ್ತರವೂ ಬಾಯಿಗೆ ಬರುವುದಿಲ್ಲ. "ಇನ್ನೆರಡು ದಿನ ಬೇಕು" ಎಂದು ಮ್ಯಾನೇಜರನ್ನು ಕೇಳಲಾಗದೆ ಕೆಲಸದ ಗಡುವು ದಾಟಿಹೋಗುತ್ತದೆ. ಆಮೇಲೆ ತಮ್ಮನ್ನು ತಾವೇ ಬೈದುಕೊಳ್ಳುವುದು ಶುರುವಾಗುತ್ತದೆ. ಆ ಬೈಗುಳವೇ ಮರುದಿನದ ಶಕ್ತಿಯನ್ನೂ ತಿಂದುಹಾಕುತ್ತದೆ.

ಈ ಬೈಗುಳವನ್ನೇ ಹಿಡಿದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮಾಡಿದ ಒಂದು ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಖಿನ್ನತೆ ಇದ್ದ 15 ಮಂದಿ ಅದರಲ್ಲಿದ್ದರು. ಹೆಡ್‌ಸೆಟ್ ಹಾಕಿಕೊಂಡಾಗ ಎದುರಿಗೆ ಒಂದು ಮಗು ಅಳುತ್ತಿರುತ್ತದೆ. ಅದನ್ನು ಮೆಲ್ಲಗೆ ಮಾತಾಡಿಸಿ ಸಮಾಧಾನ ಮಾಡಬೇಕು. ಮಗು ಅಳು ನಿಲ್ಲಿಸುತ್ತದೆ. ಆಮೇಲೆ ಜಾಗ ಅದಲುಬದಲಾಗುತ್ತದೆ: ಈಗ ಅವರು ಆ ಮಗುವಿನ ದೇಹದಲ್ಲಿ ಕೂತು, ತಾವೇ ಆಡಿದ ಮಾತನ್ನು ತಮ್ಮದೇ ದನಿಯಲ್ಲಿ ಕೇಳಿಸಿಕೊಳ್ಳುತ್ತಾರೆ. ಒಂದು ಸಲಕ್ಕೆ ಎಂಟು ನಿಮಿಷ, ವಾರಕ್ಕೊಂದರಂತೆ ಮೂರು ಸಲ. ತಿಂಗಳ ನಂತರ ಒಂಬತ್ತು ಮಂದಿ ಲಕ್ಷಣಗಳು ಕಡಿಮೆಯಾಗಿವೆ ಎಂದರು. ಅವರಲ್ಲಿ ನಾಲ್ವರಿಗೆ ವೈದ್ಯರು ಗಣನೆಗೆ ತೆಗೆದುಕೊಳ್ಳುವಷ್ಟು ಇಳಿಕೆ ಆಗಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಇದನ್ನು ಪುರಾವೆ ಎನ್ನಲಾರೆ. ಆದರೂ ಇನ್ನೊಬ್ಬರಿಗೆ ತೋರಿಸುವ ಕರುಣೆಯನ್ನು ತನಗೆ ತೋರಿಸಿಕೊಳ್ಳಲು ಗೊತ್ತಿಲ್ಲದವರನ್ನು ದಿನವೂ ನೋಡುವ ನನಗೆ ಇದು ತುಂಬಾ ಮುಖ್ಯ ಅನ್ನಿಸಿತು.

ಇನ್ನೊಂದು ಪ್ರಯೋಗ ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಡೇನಿಯಲ್ ಫ್ರೀಮನ್ ಅವರ ತಂಡದ್ದು. 2022ರಲ್ಲಿ ಪ್ರಕಟವಾದ ಇದರಲ್ಲಿ 346 ಮಂದಿ ಇದ್ದರು. ಅವರಿಗಿದ್ದದ್ದು ಸೈಕೋಸಿಸ್, ಅಂದರೆ ಯಾವುದು ನಿಜ ಯಾವುದು ಅಲ್ಲ ಎಂಬ ಅರಿವು ತಪ್ಪುವ ಕಾಯಿಲೆ; ಖಿನ್ನತೆಯಲ್ಲ. ಹೊರಗೆ ಕಾಲಿಡಲೇ ಹೆದರುತ್ತಿದ್ದವರು ಹೆಡ್‌ಸೆಟ್‌ನೊಳಗಿನ ಬಸ್ಸು, ಅಂಗಡಿ, ಕೆಫೆಗಳಲ್ಲಿ ಅಭ್ಯಾಸ ಮಾಡಿದರು. ಹೊರಗೆ ಹೋಗುವುದನ್ನು ತಪ್ಪಿಸಿಕೊಳ್ಳುವುದು ಯಾರಲ್ಲಿ ತೀವ್ರವಾಗಿತ್ತೋ ಅವರಿಗೇ ಜಾಸ್ತಿ ಲಾಭವಾಯಿತು.

ಆಫೀಸಿಗೂ ಇದೇ ದಾರಿ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಸಣ್ಣದೊಂದನ್ನು ಮಾಡಿದ ಮೇಲೆ ನಿಧಾನವಾಗಿ ಬರುತ್ತದೆ. ಹಾಗಾಗಿ ಮೊದಲು ಶಾಂತವಾಗಿ ಕೇಳಿಸಿಕೊಳ್ಳುವ ಮ್ಯಾನೇಜರ್ ಹೆಡ್‌ಸೆಟ್‌ನಲ್ಲಿ ಬರಲಿ, ಆಮೇಲೆ ಮುಖ ಗಂಟಿಕ್ಕುವವರು. ಅಲ್ಲಿ ಗಡುವು ಮುಂದೂಡಲು ಕೇಳಿ ನೋಡಿ, ಮರುದಿನ ನಿಜವಾದ ಮ್ಯಾನೇಜರ್ ಹತ್ತಿರ ಒಂದೇ ಒಂದು ಮಾತು ಕೇಳಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ. ಪಕ್ಕದಲ್ಲಿ ಸಮಾಲೋಚಕರು ಇರಲೇಬೇಕು. ಕೆಲವರಿಗೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಫಿಟ್ಸ್ ಇರುವವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು. ಮಾತ್ರೆ ನಿಲ್ಲಿಸುವ ಮಾತಂತೂ ಬೇಡವೇ ಬೇಡ.

ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಹೆಡ್‌ಸೆಟ್ ತಲೆ, ಕೈಗಳ ಚಲನೆಯನ್ನು ದಾಖಲಿಸುತ್ತದೆ. ಕೆಲವು ಕಣ್ಣಿನ ಚಲನೆಯನ್ನೂ ದಾಖಲಿಸುತ್ತವೆ. ಅದರಲ್ಲಿ ಯಾವುದೂ ಎಚ್‌ಆರ್ ಕೈಗೆ ಹೋಗಬಾರದು. ಯಾರು ಬಳಸಿದರು ಎಂಬ ಪಟ್ಟಿ ಕೂಡ. ಅಪ್ರೈಸಲ್ ಹೊತ್ತಿಗೆ ಇದು ಎದುರು ಬರುತ್ತದೆ ಎಂಬ ಭಯವಿದ್ದರೆ ಯಾರು ತಾನೇ ಮುಂದೆ ಬರುತ್ತಾರೆ, ಅಲ್ವಾ?

ಎಷ್ಟು ಹೆಡ್‌ಸೆಟ್ ತರಿಸೋಣ ಎಂದು ಕೇಳುವ ಕಂಪನಿಗಳಿಗೆ, ಮೊದಲು ನಿಮ್ಮ ಮ್ಯಾನೇಜರ್‌ಗಳಿಗೆ ತರಬೇತಿ ಕೊಡಿಸಿ ಎನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಈ ಸಲಹೆ ಇದೆ. ಹೆಡ್‌ಸೆಟ್‌ನಲ್ಲಿ ಧೈರ್ಯ ಕಲಿತು ಬಂದವರಿಗೆ "ಇದೆಲ್ಲ ನೆಪ" ಎಂದು ಉತ್ತರಿಸುವ ಮ್ಯಾನೇಜರ್ ಸಿಕ್ಕರೆ ಅವರು ಇನ್ನೊಮ್ಮೆ ಕೇಳುವುದಿಲ್ಲ. ಇದನ್ನು ಓದುತ್ತಿರುವ ನಿಮಗೇ ಈಗ ಕಷ್ಟವಾಗಿದ್ದರೆ, ಯಾವ ಯಂತ್ರಕ್ಕೂ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.